ತಿನ್ನಬಾರದ ಕುಂಬಳಕಾಯಿಗಳು

ಕಳ್ಳರಿಗೆ ಹೆದರಿ ಬೆಳೆ ಕಾಯುವವರನ್ನು ನೀವು ನೋಡಿರುತ್ತೀರಿ. ಕಳ್ಳರ ಹೊಟ್ಟೆ ಎಲ್ಲಿ ಕೆಟ್ಟೀತೋ ಎಂದು ಹೆದರಿ ಬೆಳೆ ಕಾಯುವವರನ್ನು ನೋಡಿದ್ದೀರಾ? ಇಲ್ಲ ತಾನೆ? ಹಾಗಾದರೆ ನಿಮಗೆ ನಮ್ಮ ಸೋದರತ್ತೆಯ ಪರಿಚಯವಿಲ್ಲ!

ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಅವರೂ ಮಾವನೂ ಪೀಣ್ಯದ ಪಕ್ಕ ಲಗ್ಗೆರೆಯಲ್ಲಿ ಒಂದು ಹಳೆಯ ಮನೆ ಕೊಂಡರು. ಆಗಿನ್ನೂ ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಸುತ್ತಲೂ ಲೇತ್ ಮಷೀನುಗಳ ಕಿರುಚಾಟ. ಆದರೂ ಮನೆಯ ಹಿಂದೆ ಒಂದು ತುಂಡು ಖಾಲಿ ನೆಲವಿತ್ತು. ಅಲ್ಲಿ ತರಕಾರಿ ಬೆಳೆದು, ತಿಂದು, ನೂರು ವರ್ಷ ಬಾಳುವುದು ಅತ್ತೆಯ ಯೋಜನೆ. ಅಗೆದರೆ ಸಿಕ್ಕಿದ್ದು ತುಕ್ಕು ಹಿಡಿದ ಡಬ್ಬಗಳು ಮತ್ತು ಮೂಗು ಮುಚ್ಚಿಕೊಳ್ಳುವಂಥ ವಾಸನೆ! ವಿಚಾರಿಸಿದಾಗ ತಿಳಿಯಿತು, ಹಿಂದೆ ಅಲ್ಲೊಂದು ಶೆಡ್ ಇತ್ತಂತೆ. ಕೀಟನಾಶಕದ ಪುಡಿಯನ್ನು ಅಲ್ಲಿ ಪ್ಯಾಕೆಟ್ಟಿಗೆ ತುಂಬುತ್ತಿದ್ದರಂತೆ.

ಬೇರೆ ಯಾರಾದರೂ ಆಗಿದ್ದರೆ ಮನೆ ಮಾರಿ ಓಡುತ್ತಿದ್ದರು. ಅತ್ತೆ ಮಣ್ಣನ್ನು ಟಿಫನ್ ಡಬ್ಬಿಗೆ ತುಂಬಿಕೊಂಡು ಕೃಷಿ ಪ್ರೊಫೆಸರರೊಬ್ಬರ ಬಳಿ ಹೋದರು. ಪರೀಕ್ಷೆ ಮಾಡಿಸಿದ ಅವರು ತಾಳ್ಮೆಯಿಂದ ವಿವರಿಸಿದರಂತೆ: ವಿಷ ಮಣ್ಣಿಗೆ ಅಂಟಿಕೊಂಡು ಕೂತಿದೆ. ಎಲ್ಲ ಗಿಡಗಳೂ ಅದನ್ನು ಒಂದೇ ಸಮ ಎಳೆದುಕೊಳ್ಳುವುದಿಲ್ಲ. ಟೊಮೇಟೊಗೆ ಅದರ ಗೊಡವೆ ಅಷ್ಟಿಲ್ಲ. ಕ್ಯಾರೆಟ್ಟಾದರೆ ಸಿಪ್ಪೆಗೆ ಮೆತ್ತಿಕೊಳ್ಳುತ್ತದೆ. ಕುಂಬಳ ಮಾತ್ರ ಬೇರಿನಲ್ಲಿ ಹೀರಿ ಬಳ್ಳಿಗೂ ಕಾಯಿಗೂ ಸಾಗಿಸಿಬಿಡುತ್ತದೆ. ಆದ್ದರಿಂದ ದಯವಿಟ್ಟು ಕುಂಬಳ ಹಾಕಬೇಡಿ.

ಅತ್ತೆ ಬರುವಾಗ ಕುಂಬಳದ ಬೀಜ ತಂದರು!

"ಹಾಕ್ಬೇಡಿ ಅಂದ್ರಲ್ಲ, ಅತ್ತೆ?" ಎಂದೆ.

"ಅದು ತಿನ್ನೋರಿಗೆ ಹೇಳಿದ್ದು ಕಣೋ. ಎಳನೀರಿಗೆ ಸ್ಟ್ರಾ ಹಾಕ್ದಂಗೆ ಕುಂಬಳ ವಿಷಾನ ಎಳ್ಕೊಳ್ಳತ್ತೆ. ಬಳ್ಳಿ ಸಮೇತ ಕಿತ್ತು ಕಳಿಸ್ಬಿಟ್ರೆ ಮಣ್ಣು ಕ್ಲೀನ್!"

ಬಳ್ಳಿಯೋ, ಯಾರೋ ಹಬ್ಬದೂಟ ಬಡಿಸಿದ ಹಾಗೆ ಹಬ್ಬಿತು. ಬಂಗಾರದ ಬಣ್ಣದ ಕಾಯಿಗಳು! ಮಾವನಿಗಾದರೆ ಬೆಲ್ಲ ಹಾಕಿದ ಕುಂಬಳಕಾಯಿ ಪಲ್ಯವೆಂದರೆ ಪ್ರಾಣ. ಅವರು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯಿಗಳನ್ನೇ ನೋಡುತ್ತಾ ಒಣ ಚಪಾತಿ ಮುರಿಯುತ್ತಿದ್ದರು. "ಮದ್ವೆ ಆದಾಗಿಂದ ಹೇಳ್ತಿದ್ದೆ, ಹಿತ್ತಲಲ್ಲಿ ಕುಂಬಳ ಹಾಕೇ ಅಂತ. ಹಾಕಿದ್ಲು ನೋಡಪ್ಪ, ತಿಂದ್ರೆ ಸಾಯೋಂಥದ್ದು!"

ಯಾರೂ ಕದಿಯಬಾರದೆಂದು ಅತ್ತೆ ಪ್ರತಿ ಕಾಯಿಯ ಮೇಲೂ ಕೆಂಪು ಪೇಂಟಿನಲ್ಲಿ ಒಂದು ತಲೆಬುರುಡೆ ಬರೆದರು. ಚಿತ್ರಕಲೆ ಅವರಿಗೆ ಒಲಿದಿರಲಿಲ್ಲವಾದ್ದರಿಂದ ಅವು ಇನ್ನೂ ಭೀಕರವಾಗಿ ಕಂಡವು. ಬೀದಿಯಲ್ಲೆಲ್ಲ ಸುದ್ದಿಯಾಯಿತು: ಮೇಷ್ಟ್ರಮ್ಮ ಮಾಟ ಮಾಡಿಸುತ್ತಾರೆ! ಮರುದಿನದಿಂದ ಗೇಟಿನ ಮುಂದೆ ಯಾರೋ ಕೊಯ್ದ ನಿಂಬೆಹಣ್ಣು ಇಡತೊಡಗಿದರು. ಒಬ್ಬ ಹೆಂಗಸಂತೂ ಸೆರಗಿನಲ್ಲಿ ಮುಖ ಮರೆಸಿಕೊಂಡು ಬಂದು, "ಅಮ್ಮಾ, ನಮ್ಮತ್ತೆ ಹೆಸರಲ್ಲೂ ಒಂದು ಬರ್ದುಕೊಡ್ತೀರಾ?" ಎಂದಳು. ಅತ್ತೆ ಅವಳನ್ನು ಕೂರಿಸಿಕೊಂಡು ಬೇರು, ನೀರು, ವಿಷದ ಸಾಗಾಣಿಕೆಯ ಪಾಠ ಮಾಡಿದರು. ಪಾಠ ಕೇಳಿದ ಮೇಲೆ ಅವಳಿಗೆ ಮಾಟದ ಬಗ್ಗೆ ಇದ್ದ ಕೊನೆಯ ಅನುಮಾನವೂ ಹೋಯಿತು!

ಗೋಡೆಯಾಚೆ ಶೀಟಿನ ಕೋಣೆಗಳಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವರು ಬಾಡಿಗೆಗಿದ್ದರು. ಅವರ ಕಡೆಗೆ ಜೋತುಬಿದ್ದ ಒಂದು ಕಾಯಿ ಅತ್ತೆಯ ಬ್ರಷ್ಷಿಗೆ ಸಿಕ್ಕಿರಲಿಲ್ಲ. ಒಂದು ಭಾನುವಾರ ನೋಡಿದರೆ ತೊಟ್ಟು ಮಾತ್ರ ಇದೆ, ಆಚೆಯಿಂದ ಒಗ್ಗರಣೆಯ ಘಮ ಬರುತ್ತಿದೆ! ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ನಾನು ತಲುಪುವಷ್ಟರಲ್ಲಿ ಅವರು ಸೆರಗಿನಿಂದ ಬೋಗುಣಿ ಹಿಡಿದು ಒಲೆಯಿಂದ ಇಳಿಸಿಯಾಗಿತ್ತು.

"ಏನ್ ಮಾಡಕತ್ತೀರಿ ಅಮ್ಮಾರ? ನಮ್ಮ ಪಲ್ಯ ರೀ ಅದು!" ಎಂದು ಆ ಮನೆಯ ಹೆಂಗಸು ಕೂಗಿದಳು.

"ಪಲ್ಯ ನಿಂದು, ಒಳಗಿರೋ ವಿಷ ನಂದು! ಯಾರೂ ತಿಂದಿಲ್ಲ ತಾನೆ?"

ಯಾರೂ ತಿಂದಿರಲಿಲ್ಲ. ಅತ್ತೆ ಅಲ್ಲೇ ಗೋಡೆಗೊರಗಿ ಕುಸಿದು ಕೂತರು. ಆಮೇಲೆ ಮನೆಯಲ್ಲಿ ಮಾಡಿಟ್ಟಿದ್ದ ಬಿಸಿಬೇಳೆಬಾತನ್ನು ಪಾತ್ರೆ ಸಮೇತ ತಂದು ಅವರಿಗೆ ಕೊಟ್ಟರು. ಮಾವ ನನ್ನ ಕಡೆ ನೋಡಿ, "ಕುಂಬಳಕಾಯಿ ಇರ್ಲಿಲ್ಲ, ಈಗ ಬಾತೂ ಹೋಯ್ತು," ಎಂದರು.

ಕೊಯ್ದ ಕಾಯಿಗಳನ್ನು ಏನು ಮಾಡುವುದು? ಕಸದ ಗಾಡಿಗೆ ಹಾಕಿದರೆ ಹಸು ತಿನ್ನುತ್ತದೆ. ಒಂದನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಸರ್ಕಾರಿ ಕಚೇರಿಯೊಂದಕ್ಕೆ ಹೋದೆವು. ಗುಮಾಸ್ತರು ಕೈಮುಗಿದರು. "ಮೇಡಂ, ಇದನ್ನ ತಗೊಂಡ್ರೆ ಲಂಚ ಅಂತಾರೆ. ತಗೊಂಡ್ ಹೋಗಿ." ಕೊನೆಗೆ ಸಣ್ಣ ಕಾರ್ಖಾನೆ ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೈಹಿಡಿದ. ವಿಷದ ಕಸವನ್ನು ಸುಡಲು ಒಯ್ಯುವ ಲಾರಿ ಅವನಲ್ಲಿಗೆ ಬರುತ್ತಿತ್ತು. ಕಾಯಿಗಳನ್ನೂ ಬಳ್ಳಿಗಳನ್ನೂ ಅದಕ್ಕೆ ಹತ್ತಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಅತ್ತೆ ಕಣ್ಮರೆಯಾಗುವ ತನಕ ನಿಂತರು.

ಹೀಗೇ ಕೆಲವು ಬೆಳೆ ಕಳೆದ ಮೇಲೆ ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿದೆವು. "ಕಮ್ಮಿ ಆಗಿದೆ, ಆದ್ರೆ ಸ್ವಲ್ಪಾನೇ," ಎಂದರು ಪ್ರೊಫೆಸರ್. "ಪೂರ್ತಿ ಹೋಗೋದು ನಮ್ಮ ನಿಮ್ಮ ಕಾಲದಲ್ಲಿ ಆಗಲ್ಲ, ಮೇಡಂ."

ಸದ್ಯ, ಮುಗಿಯಿತು ಅಂದುಕೊಂಡೆ. ಅತ್ತೆ ಮನೆಗೆ ಬಂದವರೇ ಸೀದಾ ಹಿತ್ತಲಿಗೆ ಹೋಗಿ ಅಗೆಯತೊಡಗಿದರು.

"ಸಾಕು ಬಿಡಿ ಅತ್ತೆ, ಸಿಮೆಂಟ್ ಹಾಕ್ಸೋಣ. ಇಲ್ಲಿ ಬೆಳ್ದಿದ್ದನ್ನ ನೀವಂತೂ ತಿನ್ನೋಕಾಗಲ್ಲ. ನಿಮಗೇನು ಮಕ್ಕಳು..." ನಾಲಿಗೆ ಕಚ್ಚಿಕೊಂಡೆ. ಅವರಿಗೆ ಮಕ್ಕಳಿರಲಿಲ್ಲ.

ಅತ್ತೆ ತಲೆಯೆತ್ತಲಿಲ್ಲ. "ಸಿಮೆಂಟು ಒಂದಿನ ಒಡೆಯತ್ತೆ ಕಣೋ. ನಾವು ಹೋದ್ಮೇಲೆ ಈ ಮನೆಗೆ ಯಾರೋ ಬರ್ತಾರೆ. ಅವರದೊಂದು ಮಗು ಇರತ್ತೆ, ಆಡ್ಕೋ ಅಂತ ಇಲ್ಲೇ ಬಿಟ್ಟಿರ್ತಾರೆ. ಮಗು ಅಂದ್ಮೇಲೆ ಮಣ್ಣು ಬಾಯಿಗೆ ಹಾಕ್ಕೊಳ್ದೆ ಇರತ್ತೇನೋ?"

ಬಾಗಿಲಲ್ಲಿ ನಿಂತಿದ್ದ ಮಾವ ಏನಾದರೂ ಗೇಲಿ ಮಾಡುತ್ತಾರೆಂದು ಕಾದೆ. ಅವರು ಮೆಟ್ಟಿಲಿಳಿದು ಬಂದು, ಪಂಚೆ ಎತ್ತಿ ಕಟ್ಟಿ, ಅತ್ತೆಯ ಪಕ್ಕದಲ್ಲಿ ಕೂತು ಅಂಗೈ ಚಾಚಿದರು.

"ಕೊಡೇ ಬೀಜಾನ ಇತ್ಲಾಗೆ. ಎಷ್ಟು ಆಳಕ್ಕೆ ಹಾಕ್ಬೇಕು, ಹೇಳು."