ಕೈಹಿಡಿದವಳ ಹಿಡಿ

ಹ್ವಾಜಾಳನ್ನು ನಾನು ಮೊದಲು ಕಂಡದ್ದು ಮೋಕ್ಪೋ ಬಂದರಿನಲ್ಲಿ, ಗುರಿ ಹೊಡೆಯುವ ಅಂಗಡಿಯೊಂದರ ಮುಂದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೇಷ್ಟ್ರು ನಾನು. ಬಿರಡೆ ಹಾರಿಸುವ ಬಂದೂಕು ಹಿಡಿದು, ಚೂಯಿಂಗ್ ಗಮ್ ಪೊಟ್ಟಣಕ್ಕೆ ಗುರಿಯಿಟ್ಟು, ಅಂಗಡಿಯವನ ಚಹಾದ ಕೆಟಲಿಗೆ ಹೊಡೆದೆ. ಪಕ್ಕದಲ್ಲಿದ್ದ ಹುಡುಗಿ, "ನಳಿಗೆ ಎಡಕ್ಕೆ ವಾಲಿದೆ, ನಿಮ್ಮ ತಪ್ಪೇನಿಲ್ಲ ಬಿಡಿ" ಎಂದು ಬಂದೂಕು ಇಸಿದುಕೊಂಡು ಮೇಲಿನ ಸಾಲನ್ನೇ ಉರುಳಿಸಿದಳು. ತಪ್ಪು ನನ್ನದಲ್ಲ ಎಂದು ಹೇಳುವವರು ಬದುಕಿನಲ್ಲಿ ಮತ್ತೆ ಸಿಕ್ಕಾರೇ? ಅವಳನ್ನೇ ಮದುವೆಯಾದೆ.

ನಿವೃತ್ತಿಯ ನಂತರ ನಾನು ಪತ್ರಿಕೆಗಳಲ್ಲಿ ವ್ಯಾಕರಣದೋಷ ಹುಡುಕುತ್ತ ಕುಳಿತೆ; ಅವಳು ಹಿರಿಯರ ಗಾಳಿ ಪಿಸ್ತೂಲು ಸಂಘ ಸೇರಿದಳು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಬಲ ಕೂಡಲಿಲ್ಲ. "ಪಿಸ್ತೂಲಿನ ಭಾರ ಇಳಿಸಿ, ಇಲ್ಲವೇ ಪಿಸ್ತೂಲನ್ನೇ ಕೆಳಗಿಳಿಸಿ" ಎಂದರು ವೈದ್ಯರು. ಅಂದಿನ ಸಾರಿಗೆ ಉಪ್ಪಿರಲಿಲ್ಲ. 

ಮರುದಿನ ಘೋಷಿಸಿದೆ: "ಚಿಂತೆ ಬಿಡು. ಹೂವಿನಷ್ಟು ಹಗುರ, ಕಬ್ಬಿಣದಷ್ಟು ಗಟ್ಟಿ, ಅಂಥ ಹಿಡಿ ನಿನ್ನ ಪಿಸ್ತೂಲಿಗೆ ಮಾಡಿಕೊಡ್ತೀನಿ."

"ನೀವಾ? ನೀವು ರಿಪೇರಿ ಮಾಡಿದ ಸ್ಟೂಲಿನ ಮೇಲೆ ಬೆಕ್ಕೂ ಕೂರಲ್ಲ ರೀ."

ಹಳೆಯ ಹಿಡಿ ವಾಲ್‌ನಟ್ ಮರದ್ದು. ಗಟ್ಟಿ, ಆದರೆ ಭಾರ. ಅಲ್ಯೂಮಿನಿಯಂ ಚಳಿಗೆ ಕೈ ಕಚ್ಚುತ್ತದೆ. ಬಟ್ಟೆಪೆಟ್ಟಿಗೆ ಮಾಡುವ ಪೌಲೋನಿಯಾ ಮರ ಹತ್ತಿಯಂತೆ ಹಗುರ. ಉಗುರು ತಾಗಿದರೆ ಗುಳಿ. ಹತಾಶನಾಗಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಲ್ಲಿ ದರ್ಶನ ಕೊಟ್ಟಿತು ಗಿಂಕೋ ಮರದ ಹೆಚ್ಚುವ ಹಲಗೆ! ವರ್ಷಗಟ್ಟಲೆ ಚಾಕುವಿನ ಏಟು ತಿಂದರೂ ಸೀಳಿಲ್ಲ, ಒಂದೇ ಕೈಯಲ್ಲಿ ಎತ್ತಬಹುದು. ಗರಗಸ ತಂದೆ.

ಹ್ವಾಜಾ ಕಿಮ್ಚಿ ಉಪ್ಪಿನಕಾಯಿಗೆಂದು ಮೂಲಂಗಿ ಹೊತ್ತು ಬಂದಳು. "ರೀ, ಹಲಗೆಯ ಅರ್ಧ ಎಲ್ಲಿ?"

"ಉನ್ನತ ಉದ್ದೇಶಕ್ಕೆ ಅರ್ಪಿತವಾಯ್ತು."

ಅವಳು ನನ್ನ ತಲೆಯನ್ನೇ ನೋಡಿದಳು. "ಹಾಗಾದ್ರೆ ಮೂಲಂಗಿ ಇದರ ಮೇಲೇ ಹೆಚ್ಚಲಾ? ನುಣ್ಣಗಂತೂ ಇದೆ."

ಪಿಸ್ತೂಲನ್ನು ಮನೆಗೆ ತರುವಂತಿಲ್ಲ. ಅದು ಸಂಘದವರು ಗುರಿ ಅಭ್ಯಾಸ ಮಾಡುವ ರೇಂಜಿನ ಬೀರುವಿನಲ್ಲಿ ಬೀಗದೊಳಗೆ. ಅಲ್ಲಿನವರು ಬಿಚ್ಚಿಕೊಟ್ಟ ಹಳೆಯ ಹಿಡಿಯನ್ನು ನೋಡಿ ಒಳಭಾಗ ಕೆತ್ತಿದೆ. ಹೊರಭಾಗಕ್ಕೆ ಅವಳ ಕೈಯ ಅಳತೆ ಬೇಕು. 'ಹಿಡಿ' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನನಗೆ ನಾಮಪದ ಸುಲಭ. ಇಷ್ಟು ಕಾಲ ಸಂಸಾರ ಮಾಡಿಯೂ ಕೈಹಿಡಿದವಳ ಕೈಯನ್ನು ಹಿಡಿದು ಕೂತವನಲ್ಲ. ನಮ್ಮ ಕಾಲದ ಗಂಡಸರಿಗೆ ಅದೊಂದು ನಾಚಿಕೆ. ಆದ್ದರಿಂದ ಅವಳು ಕಿಮ್ಚಿ ಕಲೆಸುವಾಗ ಹಾಕಿಕೊಳ್ಳುವ ಗುಲಾಬಿ ರಬ್ಬರ್ ಕೈಗವಸನ್ನು ಕದ್ದು, ಅಕ್ಕಿಹಿಟ್ಟಿನ ಮುದ್ದೆ ತುಂಬಿ ಒಣಗಿಸಿ, ಆ ಹಿಟ್ಟಿನ ಕೈಗೆ ಒಪ್ಪುವಂತೆ ಮರವನ್ನು ಕೆತ್ತಿದೆ.

ರೇಂಜಿನಲ್ಲಿ ಹಿಡಿ ಪಿಸ್ತೂಲಿಗೆ ಕೂತಿತು. ಹ್ವಾಜಾಳ ಕೈ ಮಾತ್ರ ಅದರ ದಪ್ಪವನ್ನು ಬಳಸಲಾರದೆ, ಕುಂಬಳಕಾಯಿ ಹಿಡಿದ ಮಗುವಿನ ಕೈಯಂತೆ ಜಾರಿತು.

"ಇದು ಯಾವ ಪೈಲ್ವಾನನ ಕೈ ರೀ?"

"ನಿನ್ನದೇ. ರಬ್ಬರ್ ಕೈಗವಸಿನ ಅಳತೆ."

"ಒಳಗೆ ಉಣ್ಣೆಯದು ಹಾಕ್ಕೋಬೇಕು ಅಂತ ಅದನ್ನ ದೊಡ್ಡದೇ ತಂದಿದ್ದೆ." ಪಿಸ್ತೂಲು ಕೆಳಗಿಟ್ಟು ಕೈ ಚಾಚಿದಳು. "ಕೈ ಮನೆಯಲ್ಲೇ ಇತ್ತಲ್ಲ. ಕೇಳಿದ್ರೆ ಕೊಡ್ತಿರಲಿಲ್ವಾ?"

ಸಂಘದ ಮುದುಕರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಕೆಂಪಾಯಿತು. ಆದರೂ ಹಿಡಿದೆ. ದಿನವೂ ನನ್ನ ಕೋಟಿನ ಸೀಮೆಸುಣ್ಣ ಕೊಡವಿದ ಕೈ ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ. ಹಿಡಿದು ನೋಡುವುದು, ಅರದಿಂದ ಉಜ್ಜುವುದು, ಮತ್ತೆ ಹಿಡಿಯುವುದು. ಕೊನೆಗೆ ಹೆಚ್ಚು ಉಜ್ಜಲಿಲ್ಲ, ಹಿಡಿದದ್ದೇ ಹೆಚ್ಚು. ಮರ ಇಳಿದಂತೆ ಭಾರವೂ ಇನ್ನಷ್ಟು ಇಳಿಯಿತು. ಅವಳು ತೋಳೆತ್ತಿದಳು. ಮಣಿಕಟ್ಟು ನಡುಗಲಿಲ್ಲ. ಗುಂಡು ಕಪ್ಪು ವೃತ್ತದೊಳಗೇ ಹೊಕ್ಕಿತು. ಯಾವ ದೇವರಿಗೆ ಕೃತಜ್ಞತೆ ಹೇಳಲಿ ಎಂದು ತಿಳಿಯದೆ ಗಿಂಕೋ ಮರಕ್ಕೇ ಹೇಳಿದೆ.

ಈಗ ಅವಳು ಸಂಘಕ್ಕೆ ಹೊಸದಾಗಿ ಬಂದ ಅಜ್ಜಿಯರಿಗೆ ಗುರಿಯಿಡುವುದನ್ನು ಕಲಿಸುತ್ತಾಳೆ. ಅವರಿಗೆಲ್ಲ ಅಂಥದ್ದೇ ಹಿಡಿ ಬೇಕಂತೆ.

"ನಮ್ಮನೆಯವರು ಖಂಡಿತ ಮಾಡಿಕೊಡ್ತಾರೆ," ಎನ್ನುತ್ತಾಳೆ ಎಲ್ಲರಿಗೂ. "ಅಳತೆಗೆ ಮಾತ್ರ ನೀವು ಬರಬೇಡಿ. ನಿಮ್ಮ ಕೈಗವಸು ಕಳಿಸಿ, ಸಾಕು."