ನೈರಿಯ ವ್ಯಾನು ಪರೀಕ್ಷೆಗೆ ಹೋದದ್ದು

ನೀರು, ಶೌಚಾಲಯ ಎಲ್ಲ ಒಳಗೇ ಇವೆಯೆಂಬ ಸ್ವಾವಲಂಬನೆಯ ಚೀಟಿ ಅಂಟಿಸದ ಕ್ಯಾಂಪರ್ ವ್ಯಾನಿನಲ್ಲಿ ಯಾರೂ ಸರೋವರದ ದಂಡೆಯ ಮೇಲೆ ಮಲಗತಕ್ಕದ್ದಲ್ಲ. ನ್ಯೂಜಿಲೆಂಡಿನ ಟಿಮಾರು ಊರಿನ ನೈರಿಗೆ ಈ ನಿಯಮದ ಮೇಲೆ ಯಾವ ತಕರಾರೂ ಇರಲಿಲ್ಲ.

ಅವಳು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಡ ಕಾಲಿನ್‌ನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. "ನೋಡೋದೆಲ್ಲ ಈ ಬೇಸಿಗೇಲೇ ನೋಡಿಬಿಡಿ" ಎಂದಿದ್ದರು ಡಾಕ್ಟರು. ಹಾಗಾಗಿ ದೋಣಿ ಮಾರಿ, ಮೂರು ಕೈ ದಾಟಿದ ಅಗ್ಗದ ವ್ಯಾನೊಂದನ್ನು ಕೊಂಡರು. ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತಿತ್ತು. ಒಲೆ ಮಾತ್ರ ಗಟ್ಟಿಯಾಗಿತ್ತು.

ಚೀಟಿ ಕೊಡುವ ಕಚೇರಿಯಿಂದ ಪರೀಕ್ಷಕ ಹಿಸ್ಲಾಪ್ ಬಂದ. ಏಳನೆಯ ನಿಯಮದಂತೆ, ಹಾಸಿಗೆ ಬಿಡಿಸಿದಾಗಲೂ ಶೌಚಾಲಯ ಬಳಕೆಗೆ ಸಿಗಬೇಕು. ಅವನು ಹಾಸಿಗೆ ಬಿಡಿಸಿ, ಮಲಗಿ, ಎದ್ದು, ಬಳಸಿ, ಕೈ ತೊಳೆದು "ಸಿಗುತ್ತದೆ" ಎಂದು ಬರೆದುಕೊಂಡ.

"ಹಾಗಾದ್ರೆ ಚೀಟಿ ಕೊಡಿ."

"ಅಂಗಳದಲ್ಲಿ ಸಿಗುತ್ತೆ ಕಣಮ್ಮ. ಊರಾಚೆ ಸಿಗುತ್ತಾ? ಮೂರು ದಿನ ಇದ್ದು ನೋಡ್ಬೇಕು."

"ನೋಡೋಣ. ನಾವೂ ಬರ್ತೀವಿ."

"ನೀವು ಜೊತೇಲಿದ್ರೆ ಅದು ಸ್ವಾವಲಂಬನೆ ಹೇಗಾಗುತ್ತೆ?"

ಮಾತು ಸರಿಯೆನಿಸಿತು. ನೈರಿ ಕುರಿಮಾಂಸದ ಪೈ ಆರು ಕಟ್ಟಿಕೊಟ್ಟಳು.

ಹಿಸ್ಲಾಪ್ ಹೆಂಡತಿಯೊಡನೆ ಟೆಕಾಪೊ ಸರೋವರಕ್ಕೆ ಹೋದ. ಅವನು ನಿಯಮದಂತೆ ಮಲಗಿದನೋ ಇಲ್ಲವೋ ಎಂದು ತಿಳಿಯಲು ಮೇಲಧಿಕಾರಿ ಹೋದ. ವ್ಯಾನು ಮಕ್ಕಳಿಗೂ ಸರಿಹೋಗುತ್ತದೋ ಎಂದು ನೋಡಲು ಮೇಲಧಿಕಾರಿಯ ಮಕ್ಕಳು ಹೋದರು. ಆಮೇಲೆ ನೈರಿಯ ಮನೆಗೆ ಒಂದು ಪ್ರಕಟಣೆ ಬಂತು: "ಪರೀಕ್ಷೆಯಲ್ಲಿರುವ ವಾಹನವನ್ನು ನೋಡಬಯಸುವ ಮಾಲೀಕರು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು."

ಅಂದು ಬೆಳಿಗ್ಗೆ ಕಾಲಿನ್ ಸಕ್ಕರೆಯನ್ನು ಉಪ್ಪೆಂದು ತಿಳಿದು ಚಹಾಕ್ಕೆ ಬೇಡವೆಂದಿದ್ದ. ನೈರಿ ನೇರ ಕಚೇರಿಗೆ ನುಗ್ಗಿದಳು.

"ನನ್ನ ಗಂಡನ ಕಣ್ಣು ಹೋಗ್ತಾ ಇದೆ! ವ್ಯಾನು ಕೊಡ್ತೀರೋ ಇಲ್ವೋ?"

ಗುಮಾಸ್ತೆ ಪಾನಿಯಾಳ ಕಣ್ಣು ನಿಜಕ್ಕೂ ತುಂಬಿಬಂತು. "ಅಯ್ಯೋ, ಮೊದಲೇ ಹೇಳಬಾರದಿತ್ತಾ? ಇದಕ್ಕೆ ಬೇರೆ ಅರ್ಜಿ ಇದೆ" ಎಂದು 'ದೃಶ್ಯ ಪರಿಹಾರ'ದ ನಮೂನೆ ತೆಗೆದು, ತಾನೇ ಕೂತು ತುಂಬಿಕೊಟ್ಟಳು.

ಮುಂದಿನ ಶುಕ್ರವಾರವೇ ಟೆಕಾಪೊದಿಂದ ಮೊಹರು ಹಾಕಿದ ವರದಿ ಬಂತು. ನೈರಿ ಗಟ್ಟಿಯಾಗಿ ಓದಿದಳು: "ಅರ್ಜಿದಾರರ ಪರವಾಗಿ ಸರೋವರವನ್ನು ನೋಡಲಾಯಿತು. ನೀಲಿ ಇದೆ. ಹಿಮದ ಬೆಟ್ಟಗಳು ನಾಲ್ಕು, ಸ್ಥಿತಿ ಸಮಾಧಾನಕರ."

ಕಾಲಿನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಎಷ್ಟು ನೀಲಿ ಅಂತ ಬರೆದಿಲ್ವೇನೆ?"

"ಇಲ್ಲ. ಆಕ್ಷೇಪಣೆ ಬರೀಲಾ?"

"ಬರಿ."

ಕಚೇರಿ ತಪ್ಪೊಪ್ಪಿಕೊಂಡಿತು. ಮರುವಾರ "ಸಾಕಷ್ಟು ನೀಲಿ" ಎಂದು ತಿದ್ದುಪಡಿ ಬಂತು. ಕಾಲಿನ್ ಅದನ್ನು ಇನ್ನೊಮ್ಮೆ ಓದಿಸಿಕೊಂಡ.

ಪಕ್ಕದ ಮನೆಯವರೂ ಈಗ ಒಂದು ಹಳೆಯ ವ್ಯಾನು ಕೊಂಡು ನೇರವಾಗಿ ಪರೀಕ್ಷೆಗೆ ಒಪ್ಪಿಸಿದ್ದಾರೆ. ಅವರಿಗೆ ವಾರವಾರ ಪಶ್ಚಿಮ ಕರಾವಳಿಯ ವರದಿ ಬರುತ್ತದೆ, ನೈರಿಯ ಮನೆಗೆ ಸರೋವರದ್ದು. ಭಾನುವಾರ ಮಧ್ಯಾಹ್ನ ಎರಡೂ ಮನೆಯವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ವರದಿಗಳನ್ನು ಅದಲುಬದಲು ಮಾಡಿ ಓದುತ್ತಾರೆ.