ಸಿಪ್ಪೆಯ ಸಾಕ್ಷಿ

ಪದ್ಮಾಕರ ಮಾಡಿದ ಪಾಪ ಎರಡೇ ಎರಡು ಉಳ್ಳಾಗಡ್ಡಿಯಷ್ಟು. ಚಾತುರ್ಮಾಸ ಮುಗಿಯುವತನಕ ಉಳ್ಳಾಗಡ್ಡಿ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ಮುನಿಗಳ ಮುಂದೆ, ಹೆಂಡತಿ ರತ್ನಮಾಲಾಳ ಜೊತೆಗೇ ನೇಮ ಹಿಡಿದಿದ್ದ. ಆಕೆ ಖಾನಾಪುರದ ತವರಿಗೆ ಹೋದ ಮರುದಿನವೇ ಭಜಿ ಕರಿದು ತಿಂದ. ಭಜಿ ಹೊಟ್ಟೆ ಸೇರಿತು, ಸಿಪ್ಪೆ ಉಳಿಯಿತು.

ಅದನ್ನು ಕಸದ ಗಾಡಿಗೆ ಕೊಡುವಂತಿರಲಿಲ್ಲ. ಗಾಡಿಯ ಅನುರಾಧಾ ಹಸಿ ಕಸ, ಒಣ ಕಸ ಬೇರೆ ಮಾಡಿದ್ದಾರೋ ಇಲ್ಲವೋ ಎಂದು ಪ್ರತಿ ಬಕೆಟ್ಟನ್ನೂ ಕೆದರಿ ನೋಡುವವಳು. ಎದುರುಮನೆಯ ಶ್ರೇಣಿಕ ಆಕೆಗಿಂತ ಮುಂದೆ ಬಗ್ಗಿ ನೋಡುವವನು. ಓಣಿಯ ತುಂಬ ಜೈನರ ಮನೆಗಳು. ರತ್ನಮಾಲಾ ಅಂದೇ ಸಂಜೆ ಬರುವವಳಿದ್ದಳು. ಆಕೆಗೆ ಗೊತ್ತಾದರೆ ಪದ್ಮಾಕರ ಮನೆಯಲ್ಲಿ ಮುಖವೆತ್ತಿ ಕೂರುವಂತಿರಲಿಲ್ಲ.

ಸಿಪ್ಪೆಯನ್ನು ಚೀಲಕ್ಕೆ ತುಂಬಿ, ಸ್ಕೂಟರಿಗೆ ಸಿಕ್ಕಿಸಿ ಹೊರಟ.

“ಕಾಕಾ, ಕಸದ ಗಾಡಿ ಬಂತಲ್ರಿ, ಇಲ್ಲೇ ಕೊಡ್ರಲ್ಲ!” ಶ್ರೇಣಿಕ ಕೂಗಿದ.

“ಕಸ ಅಲ್ಲೋ, ದೋಸ್ತಗ ಕೊಡೂ ಸಾಮಾನು!”

ಪೀರನವಾಡಿ ದಾಟಿದ ಮೇಲೆ ಹಳ್ಳದ ದಂಡೆಗೆ ಊರ ಕಸವೆಲ್ಲ ಗುಡ್ಡವಾಗಿ ಬಿದ್ದಿತ್ತು. ಒಂದು ಆಕಳು ಪ್ಲಾಸ್ಟಿಕ್ ಚೀಲ ಜಗಿಯುತ್ತಿತ್ತು. ಹಳ್ಳದ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇಷ್ಟರಲ್ಲಿ ನನ್ನ ಎರಡು ಉಳ್ಳಾಗಡ್ಡಿ ಯಾವ ಲೆಕ್ಕ ಎಂದುಕೊಂಡು ಪದ್ಮಾಕರ ಕೈ ಎತ್ತಿದ. ಎಲ್ಲರೂ ಹೀಗೇ ಅಂದುಕೊಂಡಿದ್ದರಿಂದಲೇ ಆ ಗುಡ್ಡ ಬೆಳೆದಿತ್ತು.

“ಏ ಯಜಮಾನ್ರ! ಒಗದೀರಿ ನೋಡ್ರಿ ಮತ್ತ!”

ಹಳ್ಳದ ಬಾಜು ಮನೆಯ ಜೈತುನಬೀ ಬಡಿಗೆ ಹಿಡಿದು ಬಂದಳು. ಹಿಂದೆ ಗಂಡ ಹಿದಾಯತುಲ್ಲಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಲೇ ಬಂದ.

“ನಮ್ಮ ಬಾವಿ ನೀರು ನಾರಾಕತ್ತೈತಿ. ಹ್ವಾದ ತಿಂಗಳ ಎಮ್ಮಿ ಸತ್ತತು, ಹೊಟ್ಟಿ ತುಂಬ ಬರೇ ಪ್ಲಾಸ್ಟಿಕ್. ಇವತ್ತ ಸಿಕ್ಕೀರಿ!” ಎಂದು ಆಕೆ ಚೀಲ ಕಸಿದು ಬಿಚ್ಚಿದಳು. ಸಿಪ್ಪೆ ಹಾರಿ ಪದ್ಮಾಕರನ ಅಂಗಿಗೆ ಅಂಟಿತು. ಅಂಟಿದ ಕೂಡಲೇ ಬುದ್ಧಿಯೂ ಓಡಿತು.

“ನೋಡ್ರಿ ಬಾಯಾರ, ನಾವು ಜೈನರು. ಚಾತುರ್ಮಾಸದಾಗ ನಮ್ಮ ಮನ್ಯಾಗ ಉಳ್ಳಾಗಡ್ಡಿ ಎಲ್ಲಿಂದ ಬರಬೇಕು? ಇದು ಇಲ್ಲೇ ಬಿದ್ದಿತ್ತು. ಮಂದಿ ಕಸ ಎತ್ತಾಕ ಬಂದೀನಿ ನಾ!”

ಜೈತುನಬೀ ಬಡಿಗೆ ಇಳಿಸಿದಳು. “ಖರೇ ಐತಿ. ಇವ್ರು ಈಗ ಉಳ್ಳಾಗಡ್ಡಿ ಮುಟ್ಟೂದಿಲ್ಲ. ತಪ್ಪಾತ್ರಿ ಅಣ್ಣಾರ, ಬರ್ರಿ, ಚಾ ಕುಡೀರಿ.”

ಚಹಾ ಆಯಿತು, ಹೊಗಳಿಕೆಯೂ ಆಯಿತು. ಹೊರಡುವಾಗ ಪದ್ಮಾಕರನ ಚೀಲದ ಜೊತೆಗೆ ಇನ್ನೂ ನಾಲ್ಕು ಕಸದ ಚೀಲ ಸ್ಕೂಟರಿಗೆ ಕಟ್ಟಿ ಕಳಿಸಿದರು. ದಾರಿಯುದ್ದಕ್ಕೂ ಎರಡು ನಾಯಿಗಳು ಬೆನ್ನು ಬಿಡಲಿಲ್ಲ.

ಮಂದಿ ಕಸ ಎತ್ತುವ ಪುಣ್ಯಾತ್ಮ ಎಂದು ಹಿದಾಯತುಲ್ಲಾ ಹರಿಬಿಟ್ಟ ವಿಡಿಯೋ ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. ರತ್ನಮಾಲಾ ಕಣ್ಣು ತುಂಬಿಕೊಂಡು ಬಾಗಿಲಲ್ಲೇ ನಿಂತಿದ್ದಳು. “ನಿಮ್ಮನ್ನ ಎಷ್ಟ ತಪ್ಪ ತಿಳದಿದ್ನಿರೀ!” ಎಂದಳು. ಪದ್ಮಾಕರನ ಎದೆ ಉಬ್ಬಿತು. ತಾನು ಕಸ ಎತ್ತಲಿಕ್ಕೇ ಹೋಗಿದ್ದೆ ಎಂದು ಅವನಿಗೂ ಅನ್ನಿಸತೊಡಗಿತು.

ಅಷ್ಟರಲ್ಲಿ ಶ್ರೇಣಿಕ ಅತ್ತಿತ್ತ ನೋಡುತ್ತ ಬಂದು ಚೀಲವೊಂದನ್ನು ಮೆಲ್ಲನೆ ಇಟ್ಟ. “ಕಾಕಾ, ಇದೂ ರಸ್ತ್ಯಾಗ ಬಿದ್ದಿತ್ತ ನೋಡ್ರಿ.”

ಅವನ ಹಿಂದೆ ಅದೇ ಓಣಿಯ ಅರಿಹಂತ ಇನ್ನೊಂದು ಚೀಲ ಹಿಡಿದು ಬಂದ. ಆಮೇಲೆ ಬ್ರಾಹ್ಮಿ ಬಂದಳು. ಕತ್ತಲಾಗುವುದರೊಳಗೆ ಗೇಟಿನ ಮುಂದೆ ಓಣಿಯ ಎಂಟು ಚೀಲ. ಬಿಚ್ಚಿದರೆ ಎಂಟರಲ್ಲೂ ಉಳ್ಳಾಗಡ್ಡಿ ಸಿಪ್ಪೆ. ಬ್ರಾಹ್ಮಿಯದರಲ್ಲಿ ಬಳ್ಳೊಳ್ಳಿಯೂ ಇತ್ತು.

“ಎಂಥಾ ಮಂದಿರೀ! ನಮ್ಮ ಓಣ್ಯಾಗ ತಂದ ಒಗೀತಾರಂದ್ರ!” ರತ್ನಮಾಲಾ ಸೆರಗು ಸಿಕ್ಕಿಸಿದಳು. “ಚಾತುರ್ಮಾಸ ಮುಗಿಯೂತನಕ ದಿನಾ ಇಬ್ಬರೂ ಕೂಡೇ ಆರಿಸೂಣ್ರಿ. ನಿಮ್ಮನ್ನ ಬಿಟ್ಟ ನಾ ಒಂದಿನಾನೂ ತವರಿಗೆ ಹೋಗಂಗಿಲ್ಲ.”

ಎಂಟು ಮನೆಯವರು ಕದ್ದು ತಿಂದ ಉಳ್ಳಾಗಡ್ಡಿಯ ವಾಸನೆಯ ನಡುವೆ ಪದ್ಮಾಕರ ಬಾಯಲ್ಲಿ ಊರಿದ ನೀರು ನುಂಗುತ್ತ ಸಿಪ್ಪೆ ಆರಿಸಲು ಕುಳಿತ.